ಹಾಗಲಕಾಯಿಯ ಕಾಶೀಯಾತ್ರೆ

ನಮ್ಮ ಜೋರಾಪುರ ಪೇಟೆಯ ಶಿವಶರಣಪ್ಪನಿಗೆ ಪ್ಲಾನ್ ಮಾಡುವ ಚಟವಿದೆ. ಬೇರೆಯವರಿಗೆ ತಂಬಾಕಿನ ಚಟ, ಇಸ್ಪೀಟಿನ ಚಟ ಇರುತ್ತದಲ್ಲ, ಹಾಗೆ. ಹೋದ ವರ್ಷ ಭೂತನಾಳ ಕೆರೆಯ ದಂಡೆಗೆ ಬುತ್ತಿ ಕಟ್ಟಿಕೊಂಡು ಹೋಗುವುದೆಂದು ಪ್ಲಾನ್ ಮಾಡಿದ. ಯಾವ ಗಿಡದ ಕೆಳಗೆ ಯಾವ ಹೊತ್ತಿಗೆ ನೆರಳು ಬೀಳುತ್ತದೆ ಎಂದು ಹಿಂದಿನ ದಿನವೇ ಹೋಗಿ ನೋಡಿಕೊಂಡು ಬಂದ. ಜಮಖಾನೆ, ನೀರಿನ ಕೊಡ, ಕೈ ಒರೆಸಿಕೊಳ್ಳಲು ಟಾವೆಲ್ಲು, ಊಟವಾದ ಮೇಲೆ ಹಲ್ಲು ಚುಚ್ಚಿಕೊಳ್ಳಲು ಕಡ್ಡಿ, ಎಲ್ಲವನ್ನೂ ನೆನಪಿಟ್ಟು ತಂದ. ಬುತ್ತಿ ಮಾತ್ರ ಅವನ ಮನೆಯ ಕಟ್ಟೆಯ ಮೇಲೆ ಉಳಿದಿತ್ತು. ನಾವೆಲ್ಲ ಆ ದಿನ ಬರೀ ಹಲ್ಲು ಚುಚ್ಚಿಕೊಂಡು ಊರಿಗೆ ಬಂದೆವು.

ಅಂಥವನು ಈ ವರ್ಷ ಹೆಂಡತಿಯನ್ನು ಕರೆದುಕೊಂಡು ಕಾಶಿಗೆ ಹೋಗುವ ಪ್ಲಾನ್ ಮಾಡಿದ.

"ಎರಡ ದಿನಾ ಸಾಕಲೇ ಸಿದ್ದರಾಮಾ," ಎಂದ. ಸಿದ್ದರಾಮ ಎಂದರೆ ನಾನು. ಅವನ ಪಾತ್ರೆ ಮಾರುವ ಭಾಂಡೆ ಅಂಗಡಿಗೂ ನನ್ನ ಹೊಲಿಗೆ ಮಷಿನ್ ರಿಪೇರಿ ಅಂಗಡಿಗೂ ನಡುವೆ ಒಂದೇ ಗೋಡೆ, ಅಂಗಡಿಗಳ ಹಿಂದೆಯೇ ನಮ್ಮಿಬ್ಬರ ಮನೆ. ಅವನ ಪ್ಲಾನು ಹುಟ್ಟಿದ ಸಪ್ಪಳ ಮೊದಲು ನನಗೇ ಕೇಳಬೇಕೆಂದು ನನ್ನ ಹಣೆಯಲ್ಲಿ ಬರೆದಿದೆ. "ಮಂದಿ ಹೋಗಿ ಅಲ್ಲೇ ವಾರಗಟ್ಲೆ ಬಿದ್ದ ಬರ್ತಾರ. ಪ್ಲಾನ್ ಇರಾಂಗಿಲ್ಲ, ಅದಕ್ಕ. ಮುಂಜಾನೆ ಗಂಗಾಸ್ನಾನ, ಆಮ್ಯಾಲ ವಿಶ್ವನಾಥ, ಮಧ್ಯಾಹ್ನ ಅನ್ನಪೂರ್ಣಿ, ಸಂಜೀಕ ಆರತಿ. ಮರದಿನ ಉಳದ ದೇವ್ರು. ಮುಗೀತ ಕಾಶಿ."

"ನೀ ಕಾಶೀಗಿ ಹೊಂಟೀಯೋ, ಕಾಶಿ ಮುಗಸಾಕ ಹೊಂಟೀಯೋ?" ಎಂದೆ.

ಅವನು ನಕ್ಕ. ಆ ನಗೆ ನೋಡಿದಾಗಲೇ ನನಗೆ ಹೊಳೆಯಬೇಕಿತ್ತು, ಪ್ಲಾನಿನ ದೊಡ್ಡ ಭಾಗವನ್ನು ಇವನು ಇನ್ನೂ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದಾನೆ ಎಂದು.

ಕಾಶಿಗೆ ಹೋದವರು ತಮಗೆ ಪ್ರೀತಿಯ ಒಂದು ತಿನಿಸನ್ನು ಗಂಗೆಯ ದಂಡೆಯಲ್ಲಿ ಬಿಟ್ಟು ಬರಬೇಕು, ಆಮೇಲೆ ಸಾಯುವ ತನಕ ಅದನ್ನು ಮುಟ್ಟಬಾರದು. ಇದು ಎಲ್ಲರಿಗೂ ಗೊತ್ತಿರುವ ಪದ್ಧತಿ. ನಮ್ಮ ಓಣಿಯ ಹಿರಿಯರು ಇದಕ್ಕೆ ಒಂದು ಬಾಲವನ್ನೂ ಕಟ್ಟಿದ್ದಾರೆ. ಮನೆಯ ಯಜಮಾನ ಏನು ಬಿಡುತ್ತಾನೋ ಅದು ಮುಂದೆ ಆ ಮನೆಯ ಹೊಸ್ತಿಲನ್ನೇ ದಾಟುವಂತಿಲ್ಲ. ನನ್ನ ಕಾಕಾ ಮಾವಿನಹಣ್ಣು ಬಿಟ್ಟು ಬಂದಿದ್ದ. ಬೇಸಿಗೆ ಬಂತೆಂದರೆ ಅವನೂ ಅವನ ಮನೆಮಂದಿಯೂ ಯಾರ ಜೊತೆಗೂ ನೆಟ್ಟಗೆ ಮಾತಾಡುತ್ತಿರಲಿಲ್ಲ.

ಶಿವಶರಣಪ್ಪನ ಪ್ರೀತಿಯ ತಿನಿಸು ಯಾವುದೆಂದು ಕೇಳಲು ಓಣಿಯಲ್ಲಿ ಯಾರ ಮನೆಗೂ ಹೋಗಬೇಕಿಲ್ಲ. ಬದನೆಕಾಯಿ ಎಣ್ಣೆಗಾಯಿ. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಮೇಲೊಂದಿಷ್ಟು ಗುರೆಳ್ಳು ಚಟ್ನಿ ಹಿಂಡಿ ಇದ್ದರೆ ಅವನು ಪ್ಲಾನನ್ನೂ ಮರೆಯುತ್ತಾನೆ. ಅದನ್ನು ಬಿಡಬೇಕಾಗಬಹುದು ಎಂಬ ಒಂದೇ ಭಯಕ್ಕೆ ಅವನು ಇಷ್ಟು ವರ್ಷ ಕಾಶಿಯ ಕಡೆ ಮುಖ ಹಾಕಿರಲಿಲ್ಲ.

ಸುದ್ದಿ ಕೇಳಿ ಬಬಲೇಶ್ವರದಿಂದ ಅವನ ಅಕ್ಕ ಗುರುಸಿದ್ದವ್ವ ಬಂದಳು. ತಮ್ಮನಿಗಿಂತ ಬಹಳ ದೊಡ್ಡವಳು. ಅವನು ಇನ್ನೂ ತೊಟ್ಟಿಲಲ್ಲಿದ್ದಾಗಲೇ ಗಂಡನ ಮನೆಗೆ ಹೋದವಳು. ಬಂದವಳೇ ಕಟ್ಟೆಯ ಮೇಲೆ ಕುಳಿತಳು. ಅವಳು ಕುಳಿತರೆ ಓಣಿಯ ಹೆಂಗಸರೆಲ್ಲ ಕೂಡುತ್ತಾರೆ. ಕಾಯಿಪಲ್ಲೆ ಮಾರುವ ರೋಶನಬಿಯೂ ತನ್ನ ಕೈಗಾಡಿಯನ್ನು ಅಲ್ಲೇ ತಂದು ನಿಲ್ಲಿಸಿದಳು.

"ಏನ ಬಿಡಾಂವ ಅದೀಯೋ ತಮ್ಮಾ?" ಗುರುಸಿದ್ದವ್ವ ಕೇಳಿದಳು.

"ಅಲ್ಲಿ ಹೋದಮ್ಯಾಲ ನೋಡಿದ್ರಾತು ಯಕ್ಕಾ."

"ಅಲ್ಲಿ ಹೋಗಿ ಏನ ನೋಡ್ತೀ? ಇಲ್ಲೇ ನಾಕ ಮಂದಿ ಮುಂದ ಹೇಳಿ ಹೋಗಬೇಕು. ಇಲ್ಲಂದ್ರ ಅಲ್ಲಿ ಮನಸ ಹಿಂದ ಸರೀತೈತಿ."

"ಇದರಾಗ ಕೇಳೂದೇನೈತಿ?" ರೋಶನಬಿ ನಡುವೆ ಬಾಯಿ ಹಾಕಿದಳು. "ಅಣ್ಣಾಗ ಜೀವ ಅಂದ್ರ ಬದನಿಕಾಯಿ. ಅಂವ ಅದನ್ನ ಬಿಟ್ಟ ಬಂದ್ರ ನನ್ನ ಅರ್ಧಾ ಗಾಡಿ ಹಂಗ ಉಳೀತೈತಿ ನೋಡ್ರಿ."

ಎಲ್ಲರೂ ಹೌದು ಹೌದೆಂದು ತಲೆಯಾಡಿಸಿದರು. ಶಿವಶರಣಪ್ಪನ ಮುಖದ ಮೇಲಿನ ಬಣ್ಣ ಇಳಿಯಿತು. ಆದರೆ ಪ್ಲಾನ್ ಇದ್ದ ಮನುಷ್ಯ, ಬೇಗ ಚೇತರಿಸಿಕೊಂಡ.

"ಬದನಿಕಾಯಿ ಏನ ಮಹಾ? ಅದು ಬರೇ ರೂಢಿ. ನನಗ ಖರೇ ಜೀವ ಅಂದ್ರ..." ಎನ್ನುತ್ತ ರೋಶನಬಿಯ ಗಾಡಿಯ ಮೇಲೆ ಕಣ್ಣಾಡಿಸಿದ. ಉಳ್ಳಾಗಡ್ಡಿ ಬಿಟ್ಟರೆ ಬದುಕುವುದು ಹೇಗೆ? ಟೊಮೆಟೊ, ಬೇಡ. ಬೆಂಡೆಕಾಯಿ, ಅದೂ ಬೇಕು. ಗಾಡಿಯ ಕೊನೆಗೆ, ಮೈತುಂಬ ಗುಳ್ಳೆ ಎದ್ದ ಕಾಯಿಗಳ ಮೇಲೆ ಅವನ ಕಣ್ಣು ನಿಂತಿತು. "ಹಾಗಲಕಾಯಿ!"

ನಾನು ಕೆಮ್ಮಿದೆ. ಒಮ್ಮೆ ಮದುವೆಯ ಪಂಕ್ತಿಯಲ್ಲಿ ಎಲೆಗೆ ಹಾಗಲಕಾಯಿ ಬಿದ್ದದ್ದಕ್ಕೆ ಈ ಮನುಷ್ಯ ಎದ್ದು ಹೋಗಿದ್ದನ್ನು ಕಣ್ಣಾರೆ ಕಂಡವನು ನಾನು. ಅದು ಅವನ ಸ್ವಂತ ಮದುವೆ.

"ನನ್ನ ಹತ್ರ ಒಂದ ದಿನಾನೂ ತೊಗೊಂಡಿಲ್ಲಲ್ಲ ಅಣ್ಣಾ?" ರೋಶನಬಿ ಕೇಳಿದಳು.

"ಎಲ್ಲಾ ಪ್ರೀತಿನೂ ನಾಕ ಮಂದ್ಯಾಗ ತೋರಸಾಕ ಆಗತೈತೇನ? ದೊಡ್ಡ ಮಾರ್ಕೆಟ್ಟಿನಿಂದ ಒಳಗಿಂದೊಳಗ ತರ್ತಿದ್ದೆ."

ಈಗ ಎಲ್ಲರ ಕಣ್ಣೂ ಬಾಗಿಲ ಕಡೆ ತಿರುಗಿದವು. ಅಲ್ಲಿ ಅವನ ಹೆಂಡತಿ ವಿದ್ಯಾವತಿ ನಿಂತಿದ್ದಳು. ಒಲೆಯ ಮೇಲೆ ಏನಿತ್ತು, ಇಪ್ಪತ್ತು ವರ್ಷ ಏನಿರಲಿಲ್ಲ ಎಂಬುದು ಅವಳೊಬ್ಬಳಿಗೇ ಗೊತ್ತು. ಶಿವಶರಣಪ್ಪ ಅವಳನ್ನು ನೋಡಿದ ನೋಟದಲ್ಲಿ ಕಾಲಿಗೆ ಬೀಳುವುದೊಂದು ಬಾಕಿ ಇತ್ತು. ಅವಳು ಅವಸರ ಮಾಡಲಿಲ್ಲ. ಸೆರಗು ಸರಿ ಮಾಡಿಕೊಂಡಳು, ಗಾಡಿಯ ಕೊನೆಯ ಆ ಕಾಯಿಗಳನ್ನೊಮ್ಮೆ ನೋಡಿದಳು.

"ಹೌದ್ರಿ ಅಕ್ಕಾರ," ಎಂದಳು. "ಇವರಿಗಿ ಹಾಗಲಕಾಯಿ ಅಂದ್ರ ಜೀವ. ದಿನಾ ಬೇಕು."

ಗುರುಸಿದ್ದವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಇಷ್ಟ ಪ್ರೀತೀದ್ದನ್ನ ದೇವರಿಗಿ ಬಿಡಾಕತ್ತಾನ ನನ್ನ ತಮ್ಮ! ಯಾರ್ ಬಿಡ್ತಾರ ಈ ಕಾಲದಾಗ? ಕೇಳ್ರೆ ಎಲ್ಲಾರೂ. ಹೋಗೂತನಾ ನನ್ನ ತಮ್ಮ ಹೊಟ್ಟಿ ತುಂಬ ಹಾಗಲಕಾಯಿ ಉಣಬೇಕು. ಇನ್ನ ಈ ಜನ್ಮದಾಗ ಅವಗ ಅದು ಸಿಗೂದಿಲ್ಲ."

ಹೆಂಗಸರು ಹೋದ ಮೇಲೆ ಶಿವಶರಣಪ್ಪ ನನ್ನ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕುಳಿತ. "ಹ್ಯಾಂಗಿತ್ತು ಪ್ಲಾನು?" ಎಂದ. ಅಕ್ಕ ಕೊನೆಗೆ ಹೇಳಿದ ಮಾತನ್ನು ಅವನು ಸರಿಯಾಗಿ ಕೇಳಿಸಿಕೊಂಡಿರಲಿಲ್ಲ. ನಾನು ಕೇಳಿಸಿಕೊಂಡಿದ್ದೆ.

ಆ ಮಧ್ಯಾಹ್ನವೇ ಮನೆಯೊಳಗಿನಿಂದ ಅವನ ಊಟದ ಡಬ್ಬಿ ಬಂತು. ಮೇಲಿನ ಬಟ್ಟಲಲ್ಲಿ ಹಾಗಲಕಾಯಿ ಪಲ್ಯ, ಕೆಳಗಿನದರಲ್ಲಿ ಹಾಗಲಕಾಯಿ ಸಾರು. ಮುಚ್ಚಿ ಒಳಗೆ ಕಳಿಸಬೇಕೆಂದರೆ ಎದುರಿಗೆ ಅಕ್ಕಪಕ್ಕದ ಮನೆಗಳ ಮೂವರು ಹೆಂಗಸರು ನಿಂತಿದ್ದರು, ತಮ್ಮ ತಮ್ಮ ಮನೆಯಲ್ಲಿ ಮಾಡಿದ್ದನ್ನು ಹಿಡಿದುಕೊಂಡು. ಒಬ್ಬಳು ಹುರಿದದ್ದು, ಒಬ್ಬಳು ಹುಣಸೆಹಣ್ಣು ಹಾಕಿ ಕುದಿಸಿದ್ದು, ಒಬ್ಬಳು ಚಟ್ನಿ. ಕೊಟ್ಟು ಹೋಗಲಿಲ್ಲ. ಉಣ್ಣುವುದನ್ನು ನೋಡಲು ನಿಂತರು.

ಶಿವಶರಣಪ್ಪ ಒಂದು ತುತ್ತು ಬಾಯಿಗಿಟ್ಟ. ಅವನ ಕಿವಿ ಕೆಂಪಾದವು. ಕಣ್ಣಿನಿಂದ ನೀರು ಇಳಿಯಿತು.

"ನೋಡ್ರೆ, ಅಳಾಕತ್ತಾನ!" ಗಾಡಿ ನಿಲ್ಲಿಸಿ ಬಂದಿದ್ದ ರೋಶನಬಿ ಮೆಲ್ಲಗೆ ಎಂದಳು. "ಬಿಟ್ಟ ಇರೂದ ನೆನಸಿಕೊಂಡ ಅಳಾಕತ್ತಾನ ಅಣ್ಣಾ. ನಾ ಇವನ ಮ್ಯಾಲ ಸುಮ್ಮ ಅನುಮಾನ ಪಟ್ಟೆ."

ಮರುದಿನದಿಂದ ಅವಳ ಗಾಡಿಯಲ್ಲಿ ಅರ್ಧ ಜಾಗ ಹಾಗಲಕಾಯಿಗೆ ಮೀಸಲಾಯಿತು. ಬೇರೆ ಯಾರಾದರೂ ಮುಟ್ಟಿದರೆ, "ಏ, ಅದು ಕಾಶಿ ಅಣ್ಣಾಂದು!" ಎಂದು ಕೈಗೆ ಹೊಡೆಯುತ್ತಿದ್ದಳು. ಓಣಿಯ ಪ್ರತಿ ಮನೆಯೂ ಶಿವಶರಣಪ್ಪನನ್ನು ಊಟಕ್ಕೆ ಕರೆಯಿತು. ಕಾಶಿಗೆ ಹೋಗುವವರು, ಯಾರು ಊಟಕ್ಕೆ ಕರೆದರೂ ಬೇಡವೆನ್ನಬಾರದು. ಅದೂ ಒಂದು ಪದ್ಧತಿ. ಒಬ್ಬನೇ ಹೋಗಬಾರದೆಂದು ಅವನು ನನ್ನನ್ನೂ ಎಳೆದುಕೊಂಡು ಹೋಗುತ್ತಿದ್ದ. ನನಗೆ ಸಕ್ಕರೆ ಕಾಯಿಲೆ ಇದೆ. ಆ ದಿನಗಳಲ್ಲಿ ರಕ್ತ ತೋರಿಸಲು ಹೋದರೆ ಡಾಕ್ಟರು ಎದ್ದು ನಿಂತು ನನ್ನ ಕೈ ಕುಲುಕಿದರು. ಅವರಿಗೆ ನಾನು ಏನೂ ಹೇಳಲಿಲ್ಲ.

"ಖರೇ ಹೇಳಿಬಿಡು ಲೇ," ಎಂದೆ ಒಂದು ದಿನ.

"ಹೇಳಿದ್ರ ಬದನಿಕಾಯಿ ಬಿಡಂತಾರ," ಎಂದ. ಬಾಯಿಯಲ್ಲಿ ಬೆಲ್ಲದ ಹರಳಿತ್ತು. "ಇನ್ನ ಸ್ವಲ್ಪ ದಿನಾ ತಡಕೊಂಡ್ರಾತು. ಕಾಶೀಗಿ ಹೋಗಿ ಒಮ್ಮೆ ಬಿಟ್ಟೆ ಅಂದ್ರ ಜನ್ಮದಾಗ ಇದರ ಮುಖ ನೋಡೂದ ಬ್ಯಾಡ. ಬದನಿಕಾಯಿ ನನಗ, ಹಾಗಲಕಾಯಿ ಗಂಗವ್ವಗ."

ಊರೂಟ ಮುಗಿದ ಮೇಲೆ ನೆಂಟರ ಊಟ ಶುರುವಾಯಿತು. ನನ್ನ ಹಳೆಯ ವ್ಯಾನಿನಲ್ಲಿ ಅವನೂ ನಾನೂ ಮುಂದೆ, ವಿದ್ಯಾವತಿ ಹಿಂದೆ ಕುಳಿತು ಮೊದಲು ಬಬಲೇಶ್ವರಕ್ಕೆ ಹೋದೆವು. ಗುರುಸಿದ್ದವ್ವ ಪಡಸಾಲೆಯಲ್ಲಿ ಪಂಕ್ತಿ ಹಾಕಿದ್ದಳು. ನಮ್ಮೆಲ್ಲರ ತಾಟಿಗೆ ಸಜ್ಜೆ ರೊಟ್ಟಿ, ಅದರ ಬದಿಗೆ ಎಣ್ಣೆ ಬಿಟ್ಟುಕೊಂಡ, ತುಂಬು ಹೊಟ್ಟೆಯ ಬದನೆಕಾಯಿ ಎಣ್ಣೆಗಾಯಿ. ಶಿವಶರಣಪ್ಪನ ತಾಟಿಗೆ ತುಂಬಿದ ಹಾಗಲಕಾಯಿ, ಹಾಗಲಕಾಯಿ ಭಜಿ, ಹಾಗಲಕಾಯಿ ಮೊಸರು ಬಜ್ಜಿ. ಕೊನೆಗೆ ಬೆಲ್ಲದ ಪಾಕದಲ್ಲಿ ಮುಳುಗಿಸಿದ ಹಾಗಲಕಾಯಿ. ಅದಕ್ಕೆ ಅವಳೇ ಒಂದು ಹೆಸರಿಡುವ ವಿಚಾರದಲ್ಲಿದ್ದಳು.

ಎಣ್ಣೆಗಾಯಿಯ ವಾಸನೆಗೆ ಶಿವಶರಣಪ್ಪನ ಕೈ ತಾನಾಗಿಯೇ ನನ್ನ ತಾಟಿನ ಕಡೆ ಬಂತು. ಗುರುಸಿದ್ದವ್ವ ಸೌಟಿನಿಂದ ಆ ಕೈಗೆ ಒಂದು ಕೊಟ್ಟಳು.

"ಅದೇನ ಓಡಿ ಹೋಗತೈತೇನ? ಬದನಿಕಾಯಿ ಕಾಶಿಯಿಂದ ಬಂದಮ್ಯಾಲೂ ತಿನ್ನಾಕ ಬರತೈತಿ. ಹಾಗಲಕಾಯಿ ಆಮ್ಯಾಲ ಸಿಗತೈತೇನ? ಉಣ್ಣು, ನನ್ನಪ್ಪಾ!"

ಇಷ್ಟು ನೆಟ್ಟಗಿನ ವಿಚಾರವನ್ನು ನಾನು ದೊಡ್ಡ ದೊಡ್ಡ ವಕೀಲರ ಬಾಯಲ್ಲೂ ಕೇಳಿಲ್ಲ. ನನ್ನ ಎಣ್ಣೆಗಾಯಿಯನ್ನು ನಾನು ಮೆಲ್ಲಗೆ, ಸ್ವಲ್ಪ ಸಪ್ಪಳ ಮಾಡುತ್ತಲೇ ತಿಂದೆ. ನಾನು ಅಷ್ಟೇನೂ ಒಳ್ಳೆಯ ಮನುಷ್ಯನಲ್ಲ.

ಆದರೆ ಆ ಪಂಕ್ತಿಯಲ್ಲಿ ಒಂದು ಸಂಗತಿ ನನ್ನ ಕಣ್ಣಿಗೆ ಬಿತ್ತು. ಹೆಂಗಸರ ಸಾಲಿನಲ್ಲಿ ಕುಳಿತಿದ್ದ ವಿದ್ಯಾವತಿ ಎಣ್ಣೆಗಾಯಿಯನ್ನು ಬದಿಗೆ ಸರಿಸಿ, ಗುರುಸಿದ್ದವ್ವನ ಹತ್ತಿರ ಹಾಗಲಕಾಯಿ ಕೇಳಿ ಹಾಕಿಸಿಕೊಂಡಳು. ಒಮ್ಮೆ ಅಲ್ಲ. ಬೆರಳು ನೆಕ್ಕುತ್ತ ತಿಂದಳು. ಗಂಡನಿಗೆ ಜೊತೆ ಕೊಡುತ್ತಿದ್ದಾಳೆ ಎಂದುಕೊಂಡೆ.

ಮುಂದಿನ ಭಾನುವಾರ ಟಿಕೋಟಾ. ಅದು ವಿದ್ಯಾವತಿಯ ತವರು. ಅವಳ ತಮ್ಮ ಯಲ್ಲಾಲಿಂಗ ಬಾಗಿಲಲ್ಲೇ ಚೀಲ ಹಿಡಿದು ನಿಂತಿದ್ದ.

"ಮಾಮಾ, ಬಿಜ್ಜರಗಿ ಕಡೆ ನಮ್ಮ ದ್ರಾಕ್ಷಿ ಪಡ ಐತೆಲ್ಲ, ಅದರ ಬೇಲಿಗಿ ಹಬ್ಬಿದ್ದಷ್ಟೂ ಹರಕೊಂಡ ಬಂದೀನಿ ನಿಮ್ಮ ಸಲುವಾಗಿ. ದ್ರಾಕ್ಷಿ ನೋಡಾಕೂ ಪುರಸೊತ್ತಿಲ್ಲ ನನಗ."

ಊಟಕ್ಕೆ ಕುಳಿತಾಗ ಅತ್ತೆ ಭೀಮಾಬಾಯಿ ತಾನೇ ಬಡಿಸಲು ಬಂದಳು. ಅಳಿಯನ ಮುಂದೆ ಅಷ್ಟಾಗಿ ಮಾತಾಡದ ಮುದುಕಿ, ಆ ದಿನ ಬಡಿಸುತ್ತ ಬಡಿಸುತ್ತ ಅಲ್ಲೇ ಕುಳಿತುಬಿಟ್ಟಳು.

"ಅಳಿಯಾರ, ಒಂದ ಮಾತ ಹೇಳತೇನಿ, ಸಿಟ್ಟಾಗಬ್ಯಾಡ್ರಿ. ನಮ್ಮ ವಿದ್ಯಾ ಸಣ್ಣಾಕಿದ್ದಾಗಿಂದ ಹಾಗಲಕಾಯಿ ಅಂದ್ರ ಪ್ರಾಣಾ ಬಿಡ್ತಿದ್ಲು. ಉಳದ ಹುಡುಗ್ರು ಪೇಪರಮಿಂಟ ಬೇಡಿದ್ರ ಈಕಿ ಹಾಗಲಕಾಯಿ ಹುರದ ಕೊಡಬೇ ಅಂತ ಗಂಟ ಬೀಳ್ತಿದ್ಲು. ಲಗ್ನಾದಮ್ಯಾಲ ತವರಿಗಿ ಬಂದಾಗ ಉಪವಾಸ ಬಿದ್ದಾಕಿ ಹಂಗ ಅದನ್ನ ತಿನ್ನಾಕಿ. ಅಲ್ಲಿ ಮಾಡಾಕ ಬಿಡಾಂಗಿಲ್ಲೇನೋ ಅಂತ ನನಗ ಹೊಟ್ಯಾಗ ಸಂಕಟ ಆಗತಿತ್ತು. ಕೇಳಾಕ ಬಾಯಿ ಬರ್ಲಿಲ್ಲ. ಈಗ ನೋಡಿದ್ರ ನಿಮಗೂ ಅದ ಜೀವ ಅಂತ, ದಿನಾ ಮಾಡ್ತಾಳಂತ! ಇಷ್ಟ ವರ್ಷದ ಸಂಕಟ ಇಳೀತ ನೋಡ್ರಿ ನಂದು."

ಶಿವಶರಣಪ್ಪನ ತುತ್ತು ಬಾಯಿಯ ಹತ್ತಿರವೇ ನಿಂತಿತು.

"ಆದ್ರ ಇನ್ನ ನೀವು ಬಿಟ್ಟ ಬಂದಮ್ಯಾಲ ಆಕಿಗೂ ತಪ್ಪತೈತಿ," ಎಂದು ಭೀಮಾಬಾಯಿ ಎದ್ದಳು. "ಇರ್ಲಿ. ದೇವರ ಕೆಲಸ."

ಬರುವಾಗ ದಾರಿಯಲ್ಲಿ ವ್ಯಾನಿನೊಳಗೆ ಮಾತಿಲ್ಲ. ನನಗೆ ಇಂಥ ಮೌನ ಆಗಿಬರುವುದಿಲ್ಲ. ಹಾರ್ನು ಹೊಡೆದೆ, ರಸ್ತೆಯ ಮೇಲೆ ಯಾರೂ ಇರಲಿಲ್ಲ. ಕೊನೆಗೆ ಶಿವಶರಣಪ್ಪ ಹಿಂದೆ ತಿರುಗದೆ ಕೇಳಿದ:

"ನಿನಗ ಅದು ಸೇರತೈತಿ ಅಂತ ನನಗ ಯಾಕ ಹೇಳಲಿಲ್ಲ?"

"ಹೇಳಿದ್ನೆಲ್ರೀ. ಲಗ್ನಾದ ಹೊಸದಾಗ ಮಾಡಿ ಬಡಿಸಿದ್ದೆ. ವಾಸನಿ ಬಡದ ಕೂಡಲೇ ತಾಟ ಸರಿಸಿ ಎದ್ದ ಹೋದ್ರಿ. ಇನ್ನ ಈ ಮನ್ಯಾಗ ಇದು ಬರಬಾರದು ಅಂದ್ರಿ. ಆತು ಅಂದೆ."

"ಮತ್ತ ಅವತ್ತ ಕಟ್ಟಿಮ್ಯಾಲ ನಾ ಸುಳ್ಳ ಹೇಳಿದಾಗ, ಹೌದಂತ ಯಾಕ ಅಂದಿ?"

ವಿದ್ಯಾವತಿ ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದಳು:

"ನೀವು ಬಿಟ್ಟ ಬಂದ್ರ ಮುಂದ ಹೊಸ್ತಲಾ ದಾಟೂದಿಲ್ಲ ಅದು. ಹೋಗೂತನಾನರ ನನ್ನ ಒಲಿಮ್ಯಾಲ ನಾನ ಮಾಡಿ, ನನ್ನ ಮನ್ಯಾಗ ಕುಂತ ತಿಂದ ಬಿಡೂಣು ಅಂತ ಅಂದೆ. ಅಷ್ಟರಿ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಕಷ್ಟವಾಯಿತು. ಸಿಟ್ಟು ಮಾಡಿದ್ದರೆ ಶಿವಶರಣಪ್ಪ ತಿರುಗಿ ಜಗಳವಾಡಿ ಹಗುರಾಗುತ್ತಿದ್ದ. ಅವನ ಮುಖ ನೋಡಿ ನನಗೂ ಕೆಟ್ಟೆನಿಸಿತು. ಬಬಲೇಶ್ವರದ ಪಂಕ್ತಿಯಲ್ಲಿ ಅವಳು ಬೆರಳು ನೆಕ್ಕಿದ್ದು ಯಾರಿಗೆ ಜೊತೆ ಕೊಡಲೂ ಅಲ್ಲ ಎಂದು ಆಗ ತಿಳಿಯಿತು.

ಮರುದಿನ ಮುಂಜಾನೆ ಶಿವಶರಣಪ್ಪ ಕಟ್ಟೆಯ ಮೇಲೆ ನಿಂತು ಹೇಳಿಬಿಟ್ಟ: "ನಾ ಕಾಶ್ಯಾಗ ಹಾಗಲಕಾಯಿ ಬಿಡೂದಿಲ್ಲ."

ಒಂದು ತಾಸಿನೊಳಗೆ ಓಣಿಯೆಲ್ಲ ಅಲ್ಲಿತ್ತು. ಊಟದ ಹೊತ್ತಿಗೆ ಬಬಲೇಶ್ವರದಿಂದ ಗುರುಸಿದ್ದವ್ವನೂ ಬಸ್ಸಿಳಿದಳು. ಬರುವಾಗಲೇ ಅಳುತ್ತ ಬಂದಳು.

"ಮೋಹಾ ನೋಡ್ರೆ ಎಂಥಾದ್ದು! ಹೋಗೂ ಹೊತ್ತಿಗಿ ಹಿಡಕೊಂಡ ಬಿಟ್ಟೈತಿ ಅವನ್ನ! ಲೇ ತಮ್ಮಾ, ಮನಸ ಗಟ್ಟಿ ಮಾಡು. ಒಂದ ಕಾಯಿ ಬಿಡಾಕ ಆಗಲಿಲ್ಲಂದ್ರ ನಾಳೆ ಈ ಶರೀರ ಹ್ಯಾಂಗ ಬಿಡ್ತೀಯೋ?"

"ಯಕ್ಕಾ, ಶರೀರದ ಮಾತ ಈಗ್ಯಾಕ? ನನಗ ಹಾಗಲಕಾಯಿ ಸೇರೂದ ಇಲ್ಲ. ಎಂದೂ ಸೇರಿಲ್ಲ. ಅವತ್ತ ಸುಳ್ಳ ಹೇಳಿದ್ದೆ."

ಕಟ್ಟೆಯ ಮೇಲೆ ಅಯ್ಯಯ್ಯೋ ಎಂಬ ಉದ್ಗಾರ ಎದ್ದಿತು. ನಂಬಿದ್ದಕ್ಕಲ್ಲ. ಬಿಡಬೇಕಾಗುತ್ತದೆ ಎಂದು ಪ್ರೀತಿಯ ವಸ್ತುವನ್ನೇ ದೂರುವ ಮಟ್ಟಕ್ಕೆ ಮನುಷ್ಯ ಇಳಿದನಲ್ಲ ಎಂದು.

"ಅಣ್ಣಾ, ಯಾರ ಮುಂದ ಸುಳ್ಳ ಹೇಳ್ತೀ?" ರೋಶನಬಿ ತಕ್ಕಡಿ ಕೆಳಗಿಟ್ಟು ಬಂದಳು. "ನಾ ದಿನಾ ಕಣ್ಣಾರೆ ನೋಡೀನಿ. ತಿನ್ನೂಮುಂದ ಕಣ್ಣಾಗ ದಳದಳ ನೀರ ಹರೀತಾವ ನಿನಗ."

"ಅದು ಕಹಿಗಿ!"

"ಕಹಿ ಇದ್ರ ಯಾರರ ಅಷ್ಟ ತಿಂತಾರೇನ? ಸಿದ್ದರಾಮಣ್ಣಾ, ನೀನ ಹೇಳು. ಇಂವ ತಿಂದದ್ದನ್ನ ನೀ ನೋಡೀ ಇಲ್ಲೋ?"

"ನೋಡೀನಿ," ಎಂದೆ. ನೋಡಿದ್ದು ಸುಳ್ಳಲ್ಲವಲ್ಲ.

ಶಿವಶರಣಪ್ಪ ದಿಕ್ಕು ತೋಚದೆ ಬಾಗಿಲ ಕಡೆ ತಿರುಗಿದ. "ನೀನರ ಹೇಳ ಇವರಿಗಿ!"

ವಿದ್ಯಾವತಿ ಅಲ್ಲೇ ನಿಂತಿದ್ದಳು. ನಗು ತಡೆಯಲಾರದೆ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. "ನಾ ಅವತ್ತ ಹೌದಂದೀನ್ರಿ. ಇವತ್ತ ಅಲ್ಲಂದ್ರ ಯಾರ ನಂಬತಾರ ನನ್ನ?"

ನಿಜ ಹೇಳಿ ಕೆಟ್ಟ ಶಿವಶರಣಪ್ಪ ಒಳಗೆ ಹೋಗಿ ಮುಸುಕು ಹಾಕಿ ಮಲಗಿದ. ಕಟ್ಟೆಯ ಮೇಲೆ ಗುರುಸಿದ್ದವ್ವನ ಅಧ್ಯಕ್ಷತೆಯಲ್ಲಿ ಠರಾವಾಯಿತು. ಮೋಹ ಬಿಡಿಸಲು ಒಂದೇ ದಾರಿ, ಸಾಕೆನ್ನುವ ತನಕ ತಿನ್ನಿಸುವುದು. ಅಂದಿನಿಂದ ಊಟಕ್ಕಲ್ಲದೆ ನಾಷ್ಟಾಕ್ಕೂ ಹಾಗಲಕಾಯಿ ಬರತೊಡಗಿತು.

ಹೊರಡುವ ದಿನ ಸ್ಟೇಷನ್ನಿಗೆ ಇಡೀ ಓಣಿ ಬಂತು. ವಿದ್ಯಾವತಿಯ ಉಡಿ ತುಂಬಿದರು, ಗಂಡ ಹೆಂಡತಿಯ ಕೊರಳಿಗೆ ಹೂವಿನ ಹಾರ ಹಾಕಿದರು. ಯಲ್ಲಾಲಿಂಗ ಬಿಜ್ಜರಗಿಯಿಂದ ಚೀಲದ ತುಂಬ ಹಾಗಲಕಾಯಿ ತಂದು ರೈಲಿನ ಡಬ್ಬಿಯೊಳಗೆ ನೂಕಿದ. ಬರಿಗೈಯಲ್ಲಿ ಹೋದರೆ ಬಿಡುವುದಾದರೂ ಏನನ್ನು ಎಂಬುದು ಅವನ ವಾದ. ಮೇಲೆ ಗುರುಸಿದ್ದವ್ವನ ಕಡೆಯಿಂದ ಹಾಗಲಕಾಯಿ ಹುರಿದು ತುಂಬಿದ ಡಬ್ಬಾ, ದಾರಿಗೆ.

ಟಿಕೆಟ್ ನೋಡುವ ಸಾಹೇಬರು ಬಂದು ಚೀಲವನ್ನು ಕಾಲಿನಿಂದ ಒತ್ತಿ ನೋಡಿದರು. "ಇದೇನ್ರಿ ಇಷ್ಟ? ವ್ಯಾಪಾರಾನ?"

"ವ್ಯಾಪಾರ ಅಲ್ರಿ ಸಾಹೇಬ್ರ," ಗುರುಸಿದ್ದವ್ವ ಕಿಟಕಿಯ ಹೊರಗಿನಿಂದ ಹೇಳಿದಳು. "ತ್ಯಾಗ."

ಸಾಹೇಬರು ಒಂದು ಕ್ಷಣ ನಿಂತು, ಚೀಲಕ್ಕೆ ಕೈ ಮುಗಿದು ಮುಂದೆ ಹೋದರು. ರೈಲು ಬಿಟ್ಟಿತು. ಕಿಟಕಿಯಲ್ಲಿ ಶಿವಶರಣಪ್ಪನ ಮುಖ ಕಾಣುತ್ತಿತ್ತು. ಅಷ್ಟು ಪ್ಲಾನ್ ಮಾಡಿದ ಮನುಷ್ಯನ ಮುಖದಲ್ಲಿ ಆ ದಿನ ಯಾವ ಪ್ಲಾನೂ ಇರಲಿಲ್ಲ.

ಅವರು ಕಾಶಿಯಿಂದ ಬರುವ ಹೊತ್ತಿಗೆ ಗುರುಸಿದ್ದವ್ವ ಗಂಗಾಪೂಜೆಯ ಊಟದ ತಯಾರಿ ನಡೆಸಿದ್ದಳು. ಓಣಿಯಲ್ಲಿ ಎಲ್ಲಿಯೂ ಹಾಗಲಕಾಯಿ ಕಾಣಬಾರದು ಎಂದು ಅಪ್ಪಣೆಯಾಗಿತ್ತು. ರೋಶನಬಿ ಗಾಡಿಯನ್ನು ಎರಡು ಸಲ ತೊಳೆದಿದ್ದಳು. "ಪಾಪ, ಜೀವದಂಥಾದ್ದನ್ನ ಬಿಟ್ಟ ಬಂದಾನ. ಇನ್ನ ಅವಗ ಉಳದದ್ದ ಒಂದ ಬದನಿಕಾಯಿ," ಎಂದು ಅಕ್ಕ ಊರಿನ ಬದನೆಕಾಯಿಯನ್ನೆಲ್ಲ ತರಿಸಿ, ಅವರು ರೈಲಿಳಿಯುವ ಮೊದಲೇ ಅಡುಗೆ ಮಾಡಿ ಇಟ್ಟಿದ್ದಳು.

ಗಂಗೆಯ ತಂಬಿಗೆಗೆ ಪೂಜೆಯಾಯಿತು. ಅವನ ಮನೆಯ ಪಡಸಾಲೆಯಲ್ಲಿ ಪಂಕ್ತಿ ಕುಳಿತಿತು. ಟಿಕೋಟಾದಿಂದ ಭೀಮಾಬಾಯಿ, ಯಲ್ಲಾಲಿಂಗ ಬಂದಿದ್ದರು. ಶಿವಶರಣಪ್ಪನ ಎಲೆಗೆ ಮೊದಲು ಎಣ್ಣೆಗಾಯಿ ಬಿತ್ತು. ಅದರ ಬದಿಗೆ ಸುಟ್ಟ ಬದನೆಕಾಯಿಯ ಭರ್ತಾ, ಬದನೆಕಾಯಿ ಭಜಿ, ಬದನೆಕಾಯಿ ಹುಳಿಪಲ್ಯ. ಅವನ ಮೂಗು ಅರಳಿದ್ದು ನನಗೆ ಕಂಡಿತು. ಕೈ ಎಲೆಯ ಕಡೆ ಹೋಯಿತು. ಅರ್ಧ ದಾರಿಯಲ್ಲಿ ನಿಂತು, ತಿರುಗಿ ಬಂದು ತೊಡೆಯ ಮೇಲೆ ಕುಳಿತಿತು.

"ಉಣ್ಣೋ ತಮ್ಮಾ. ಈಗ ಯಾರ ಬ್ಯಾಡಂತಾರ ನಿನಗ?" ಗುರುಸಿದ್ದವ್ವ ಅಂದಳು.

"ಬ್ಯಾಡ ಯಕ್ಕಾ. ತಗೀರಿ ಇದನ್ನ."

ಅಷ್ಟರಲ್ಲಿ ಅಡುಗೆಮನೆಯಿಂದ ವಿದ್ಯಾವತಿ ಒಂದು ಸಣ್ಣ ಪಾತ್ರೆ ಹಿಡಿದು ಬಂದಳು. ಅದರಿಂದ ಗಂಡನ ಎಲೆಗೆ ಬಿದ್ದದ್ದು ಹಾಗಲಕಾಯಿ ಪಲ್ಯ, ಯಲ್ಲಾಲಿಂಗನ ಚೀಲದಲ್ಲಿ ಉಳಿದು ಬಂದ ಕಾಯಿಗಳದು. ಪಂಕ್ತಿಯಲ್ಲಿದ್ದವರು ಹಾವು ಕಂಡಂತೆ ಹಿಂದೆ ಸರಿದರು. ರೋಶನಬಿ ಕಿವಿ ಮುಚ್ಚಿಕೊಂಡಳು, ಏಕೆಂದು ಅವಳಿಗೂ ಗೊತ್ತಿರಲಿಲ್ಲ.

"ಯವ್ವಾ! ಕಾಶ್ಯಾಗ ಬಿಟ್ಟ ಬಂದದ್ದನ್ನ ಬಡಸ್ತೀಯಲ್ಲ!" ಗುರುಸಿದ್ದವ್ವ ಕೂಗಿದಳು.

"ನಾ ಬಿಟ್ಟ ಬಂದದ್ದ ಅದನ್ನಲ್ಲ ಯಕ್ಕಾ," ಎಂದ ಶಿವಶರಣಪ್ಪ. ಎಲೆಯ ಮೇಲಿನ ಎಣ್ಣೆಗಾಯಿಯನ್ನು ತೋರಿಸಿದ. "ಇದನ್ನ. ಗಂಗ್ಯಾಗ ನಿಂತ ಮೂರ ಮುಳುಗ ಹಾಕಿ ಬದನಿಕಾಯಿ ಬಿಟ್ಟ ಬಂದೀನಿ."

ಗುರುಸಿದ್ದವ್ವ ಸೌಟು ಕೆಳಗಿಟ್ಟು ತಮ್ಮನ ಎದುರಿಗೆ ಕುಳಿತಳು.

"ಹಂಗಾರ ಹಾಗಲಕಾಯಿ ಮೋಹ ಬಿಡಲೇ ಇಲ್ಲೇನೋ ನಿನ್ನ?"

"ಇದು ನನ್ನ ಮೋಹಲ್ಲ ಯಕ್ಕಾ. ಆಕಿಗಿ ಸೇರತೈತಿ. ಇಷ್ಟ ವರ್ಷ ನಾ ಮನ್ಯಾಗ ಮಾಡಗೊಡಲಿಲ್ಲ. ಇನ್ನ ನಮ್ಮ ಮನ್ಯಾಗ ಬೇಕದು."

ಈ ಸಲ ಎಲ್ಲರೂ ನಂಬಿದರು. ಬದನೆಕಾಯಿ ಬೇಡವೆಂದವನ ಮಾತನ್ನು ನಂಬದೆ ಇರುವುದು ಹೇಗೆ? ಭೀಮಾಬಾಯಿ ಗೋಡೆಗೆ ಒರಗಿ ಕುಳಿತವಳು ಅಳಿಯನನ್ನು ನೋಡಿದಳು, ಮಗಳನ್ನು ನೋಡಿದಳು, ಸೆರಗಿನಿಂದ ಮೂಗೊರೆಸಿಕೊಂಡಳು.

ಮೊದಲು ಎಚ್ಚರಾದವಳು ಗುರುಸಿದ್ದವ್ವ. "ಎದ್ದೇಳ್ರೋ! ಯಜಮಾನ ಬಿಟ್ಟದ್ದು ಹೊಸ್ತಲಾ ದಾಟಬಾರದು, ಇಲ್ಲಿ ನೋಡಿದ್ರ ಮನಿ ತುಂಬ ಬದನಿಕಾಯಿ!" ಪಂಕ್ತಿಯೆಲ್ಲ ತಮ್ಮ ತಮ್ಮ ಎಲೆ ಎತ್ತಿಕೊಂಡು ಎದ್ದಿತು. ಯಲ್ಲಾಲಿಂಗ ಎಣ್ಣೆಗಾಯಿಯ ಕೊಪ್ಪರಿಗೆ ಹೊತ್ತ, ಭರ್ತಾದ ಪಾತ್ರೆಯನ್ನು ರೋಶನಬಿ ಹಿಡಿದಳು. ಗೋಡೆಯ ಆಚೆಗೆ ಇದ್ದದ್ದು ನನ್ನ ಮನೆ, ಅಂಗಡಿ. ಯಾರೂ ನನ್ನನ್ನು ಕೇಳಲಿಲ್ಲ. ಹೊಲಿಗೆ ಮಷಿನ್ನುಗಳ ನಡುವೆ ಬದನೆಕಾಯಿಯ ಪಂಕ್ತಿ ಕುಳಿತಿತು. ನನ್ನ ಸಕ್ಕರೆ ಮುಂದೆ ಏನಾಯಿತೆಂದು ಡಾಕ್ಟರಿಗೆ ತೋರಿಸಲು ನಾನು ಇನ್ನೂ ಹೋಗಿಲ್ಲ.

ನಾನು ಉಪ್ಪು ಕೇಳುವ ನೆವ ಮಾಡಿ ತಿರುಗಿ ಆ ಕಡೆ ಹೋದೆ. ಖಾಲಿ ಪಡಸಾಲೆಯಲ್ಲಿ ಶಿವಶರಣಪ್ಪ ಒಬ್ಬನೇ ಎಲೆಯ ಮುಂದೆ ಕುಳಿತು, ರೊಟ್ಟಿಯ ದೊಡ್ಡ ತುಂಡಿನಲ್ಲಿ ಹಾಗಲಕಾಯಿಯ ಸಣ್ಣ ಚೂರನ್ನು ಸುತ್ತಿ, ಕಣ್ಣು ಮುಚ್ಚಿ ನುಂಗುತ್ತಿದ್ದ. ಎದುರಿಗೆ ವಿದ್ಯಾವತಿ ತನ್ನ ತಾಟು ಹಾಕಿಕೊಂಡು ಕುಳಿತಿದ್ದಳು. ಅವಳದು ಅವಸರವಿಲ್ಲದ ಊಟ. ಮತ್ತೊಂದು ಪಾತ್ರೆ ಒಯ್ಯಲು ಬಂದ ರೋಶನಬಿ ಬಾಗಿಲಲ್ಲಿ ನಿಂತು ಕೇಳಿದಳು:

"ಅಣ್ಣಾ ಬದನಿಕಾಯಿ ಬಿಟ್ಟಾ. ಮತ್ತ ನೀ ಏನ ಬಿಟ್ಟ ಬಂದಿ ತಂಗಿ?"

"ನಾ ಯಾಕ ಬಿಡ್ಲೆ?" ಎಂದಳು ವಿದ್ಯಾವತಿ. "ಇಪ್ಪತ್ತ ವರ್ಷದ ಹಿಂದ ಬಿಟ್ಟಿದ್ನೆಲ್ಲ, ಅದನ್ನ ತಿರಗಿ ಇಸಕೊಂಡ ಬಂದೆ."

ಹೀಗೆಂದವಳು ಗಂಡನ ಎಲೆಗೆ ಇನ್ನೊಂದು ಸೌಟು ಹಾಕಿದಳು. ಅವನು ಬೇಡವೆನ್ನಲಿಲ್ಲ.